ಕೈಚಳಕವೂ ಸುಳ್ಳೇ?

 

*ಇಂದಿನ ಚಿಂತನೆ: ನಾಲ್ಕನೆಯ ಶೀಲ*

ಸುಳ್ಳಿನಿಂದ ದೂರವಿರುವ ಶೀಲದ ಬಗ್ಗೆ ಈ ವಾರ ಓದುತ್ತಿದ್ದೇವೆ. ಬಳಗದ ಸೋದರಿಯೊಬ್ಬರು ನನಗೇ ನೇರವಾಗಿ ಒಂದು ಪ್ರಶ್ನೆ ಹಾಕಿದ್ದಾರೆ: "ನೀವು ಭಾನುವಾರ ಬೀದಿಯಲ್ಲಿ ನಿಂತು ನಾಣ್ಯ ಮಾಯ ಮಾಡುತ್ತೀರಿ. ಬೆಳಿಗ್ಗೆ ಪಂಚಶೀಲ ಹೇಳಿ, ಸಂಜೆ ಜನರ ಕಣ್ಣಿಗೆ ಮಣ್ಣೆರಚುವುದು ಹೇಗೆ ಸರಿ?"

ಒಳ್ಳೆಯ ಪ್ರಶ್ನೆ. ಈ ವಿದ್ಯೆ ಕಲಿಯಲು ಶುರುಮಾಡಿದ ದಿನದಿಂದ ನನ್ನನ್ನೂ ಅದು ಬಿಟ್ಟಿಲ್ಲ. ಇಂದಿನ ಬರಹದಲ್ಲಿ ನಾನು ಈವರೆಗೆ ಎಲ್ಲಿಗೆ ತಲುಪಿದ್ದೇನೆ ಎಂದು ಹೇಳುತ್ತೇನೆ. ಉಳಿದದ್ದನ್ನು ಬಳಗವೇ ಕೂತು ಯೋಚಿಸೋಣ.

*ಕಲಿಯುವುದು ಏನನ್ನು?*

ಇದರಲ್ಲಿ ಮಂತ್ರವೂ ಇಲ್ಲ, ಯಂತ್ರವೂ ಇಲ್ಲ. ಒಂದು ನಾಣ್ಯ, ಎರಡು ಕೈ, ತುಂಬಾ ತಾಳ್ಮೆ. ಜಾದೂ ಪುಸ್ತಕಗಳು ಸಾಮಾನ್ಯವಾಗಿ ಅಮೆರಿಕದ ಅರ್ಧ ಡಾಲರ್ ನಾಣ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರುತ್ತವೆ. ಅದರ ಅಗಲ ಸುಮಾರು 30.6 ಮಿಲಿಮೀಟರ್. ನಮ್ಮ ಹತ್ತು ರೂಪಾಯಿಯ ನಾಣ್ಯ 27 ಮಿಲಿಮೀಟರ್, ತೂಕ 7.71 ಗ್ರಾಂ. ಸ್ವಲ್ಪ ಚಿಕ್ಕದು, ಆದರೂ ನಡೆಯುತ್ತದೆ. ಜೆ. ಬಿ. ಬೋಬೋ ಅವರ 'ಮಾಡರ್ನ್ ಕಾಯಿನ್ ಮ್ಯಾಜಿಕ್' 1952ರಲ್ಲಿ ಬಂದ ಪುಸ್ತಕ. ನಾಣ್ಯದ ಜಾದೂ ಕಲಿಯುವವರು ಇವತ್ತಿಗೂ ಅದನ್ನೇ ಹಿಡಿದು ಕೂರುತ್ತಾರೆ.

ಮೊದಲ ಪಾಠ ನಾಣ್ಯವನ್ನು ಅಂಗೈಯಲ್ಲಿ ಬಚ್ಚಿಡುವುದು. ಹೆಬ್ಬೆರಳ ಬುಡದ ಮಾಂಸಖಂಡಕ್ಕೂ ಅದರ ಎದುರಿನ ಉಬ್ಬಿಗೂ ನಡುವೆ ನಾಣ್ಯವನ್ನು ಒತ್ತಿ ಹಿಡಿಯಬೇಕು. ಬೆರಳುಗಳು ಸಡಿಲವಾಗಿ, ಕೈ ಖಾಲಿ ಇದ್ದಂತೆಯೇ ಕಾಣಬೇಕು. ನಾಣ್ಯ ಬೀಳದೆ ನಿಲ್ಲಲು ಕೆಲವು ವಾರ ಸಾಕು. ಕೈ ಸಹಜವಾಗಿ ಕಾಣಲು ತಿಂಗಳುಗಳು ಬೇಕು. ಗುಟ್ಟು ಹೊತ್ತ ಕೈ ತಾನಾಗಿಯೇ ಬಿಗಿಯಾಗುತ್ತದೆ, ಹೆಬ್ಬೆರಳು ಸೆಟೆದು ನಿಲ್ಲುತ್ತದೆ. ನೋಡುವವರಿಗೆ ನಾಣ್ಯ ಕಾಣದಿದ್ದರೂ ಆ ಬಿಗಿತ ಕಾಣುತ್ತದೆ. ಹಾಗಾಗಿ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡೇ ಚಹಾ ಸೋಸಿದೆ, ಪತ್ರಿಕೆಯ ಪುಟ ತಿರುವಿದೆ, ತರಕಾರಿ ಆರಿಸಿದೆ. ತಾನು ಏನನ್ನೋ ಬಚ್ಚಿಟ್ಟಿದ್ದೇನೆ ಎಂಬುದನ್ನು ಕೈ ಮರೆಯುವವರೆಗೆ ಇದು ನಡೆಯಬೇಕು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆ ನಮ್ಮಲ್ಲಿದೆ. ಈ ವಿದ್ಯೆಗೆ ಮಾತ್ರ ಅಂಗೈ ನೋಡಲು ಕನ್ನಡಿ ಬೇಕು. ಕನ್ನಡಿಯ ಮುಂದೆ ಕೂರುವವರಿಗೆ ಹಿರಿಯ ಜಾದೂಗಾರರು ಒಂದು ಎಚ್ಚರಿಕೆ ಕೊಡುತ್ತಾರೆ: ಗುಟ್ಟಿನ ಚಲನೆ ನಡೆಯುವ ಕ್ಷಣದಲ್ಲಿ ನೀವೇ ಕಣ್ಣು ಮಿಟುಕಿಸುತ್ತೀರಿ, ನೋಡಿಕೊಳ್ಳಿ. ಕನ್ನಡಿಯಲ್ಲಿ ಎಲ್ಲವೂ ಸರಿಯಾಗಿ ಕಂಡಿರುತ್ತದೆ, ಏಕೆಂದರೆ ತಪ್ಪು ನಡೆದ ಆ ಕ್ಷಣದಲ್ಲಿ ಕಣ್ಣು ಮುಚ್ಚಿತ್ತು. ಈಗ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ನೋಡಬಹುದು, ಮೊಬೈಲ್ ಕಣ್ಣು ಮಿಟುಕಿಸುವುದಿಲ್ಲ. ಬೇರೆಯವರನ್ನು ವಂಚಿಸುವ ಮೊದಲು ಮನಸ್ಸು ತನ್ನನ್ನೇ ವಂಚಿಸಿಕೊಳ್ಳುತ್ತದೆ ಎಂದು ಧಮ್ಮದಲ್ಲಿ ಓದಿದ್ದೆ. ಅದನ್ನು ಕಣ್ಣಾರೆ ಕಂಡದ್ದು ಇಲ್ಲಿ.

*ಕಂಡದ್ದೋ, ಕಟ್ಟಿದ್ದೋ?*

ಎಡಗೈಯಲ್ಲಿರುವ ನಾಣ್ಯವನ್ನು ಬಲಗೈ ತೆಗೆದುಕೊಂಡಂತೆ ಮಾಡುತ್ತದೆ, ನಾಣ್ಯ ಎಡಗೈಯಲ್ಲೇ ಉಳಿಯುತ್ತದೆ. ಇದಕ್ಕೆ ಫ್ರೆಂಚ್ ಡ್ರಾಪ್ ಎನ್ನುತ್ತಾರೆ. ಇಲ್ಲಿ ಬೆರಳಿಗಿಂತ ಹೆಚ್ಚಿನ ಕೆಲಸ ಮಾಡುವುದು ನನ್ನ ಕಣ್ಣು. ಖಾಲಿ ಬಲಮುಷ್ಟಿಯನ್ನು ನಾನು ನೋಡಿದರೆ ನೀವೂ ಅದನ್ನೇ ನೋಡುತ್ತೀರಿ. ನಾಣ್ಯ ಅಲ್ಲಿದೆ ಎಂದು ಅರೆಕ್ಷಣ ನಾನೇ ನಂಬದಿದ್ದರೆ ನೀವು ನಂಬುವುದಿಲ್ಲ.

ಗುಸ್ತಾವ್ ಕೂನ್ ಮತ್ತು ಮೈಕೆಲ್ ಲ್ಯಾಂಡ್ ಎಂಬ ಸಂಶೋಧಕರು 2006ರಲ್ಲಿ ಇಂಥದ್ದೇ ಒಂದು ಪ್ರಯೋಗವನ್ನು ಪ್ರಕಟಿಸಿದರು. ಜಾದೂಗಾರ ಚೆಂಡನ್ನು ಎರಡು ಸಲ ಮೇಲಕ್ಕೆ ಎಸೆದು ಹಿಡಿಯುತ್ತಾನೆ. ಮೂರನೆಯ ಸಲ ಎಸೆದಂತೆ ನಟಿಸಿ, ಚೆಂಡನ್ನು ಕೈಯಲ್ಲೇ ಇಟ್ಟುಕೊಂಡು, ಮೇಲೆ ನೋಡುತ್ತಾನೆ. ನೋಡಿದವರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನ ಚೆಂಡು ಮೇಲೆ ಹೋದದ್ದನ್ನು ಕಂಡೆವು ಎಂದರು. ಆದರೆ ಅವರ ಕಣ್ಣಿನ ಚಲನೆಯನ್ನು ಅಳೆದು ನೋಡಿದಾಗ, ಚೆಂಡು ಮಾಯವಾಯಿತೆಂದು ಹೇಳಿದ ಜಾಗಕ್ಕೆ ಹೆಚ್ಚಿನವರ ಕಣ್ಣು ಹೋಗಿಯೇ ಇರಲಿಲ್ಲ. ಅವರು ಜಾದೂಗಾರನ ಮುಖ ನೋಡುತ್ತಿದ್ದರು. ಕಣ್ಣು ಮೋಸಹೋಗಿರಲಿಲ್ಲ. ಚೆಂಡನ್ನು ಮೇಲಕ್ಕೆ ಕಳಿಸಿದ್ದು ಮನಸ್ಸು.

ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತೇನೋ. ಜಾದೂವಿಗೆ ನಾವು 'ಕಣ್ಕಟ್ಟು' ಎನ್ನುತ್ತೇವೆ. ಕೈಯ ಹೆಸರು ಅದರಲ್ಲಿ ಬರುವುದೇ ಇಲ್ಲ, ಇರುವುದು ನೋಡುವವರ ಕಣ್ಣು ಮಾತ್ರ.

ಸಂಯುತ್ತ ನಿಕಾಯದ ಫೇಣ ಸುತ್ತವನ್ನು ಹೋದ ವರ್ಷ ಓದಿದ್ದು ನಿಮಗೆ ನೆನಪಿರಬಹುದು. ಗಂಗೆಯ ದಡದಲ್ಲಿ ಬುದ್ಧರು ಐದು ಖಂಧಗಳನ್ನು ಐದು ವಸ್ತುಗಳಿಗೆ ಹೋಲಿಸುತ್ತಾರೆ. ರೂಪ ನೀರಿನ ನೊರೆಯಂತೆ, ವೇದನೆ ಗುಳ್ಳೆಯಂತೆ, ಸಂಜ್ಞೆ ಬಿಸಿಲ್ಗುದುರೆಯಂತೆ, ಸಂಸ್ಕಾರ ಬಾಳೆಯ ದಿಂಡಿನಂತೆ. ಕೊನೆಯದಾದ ವಿಜ್ಞಾನಕ್ಕೆ ಅವರು ಆರಿಸಿಕೊಂಡ ಹೋಲಿಕೆ, ನಾಲ್ಕು ದಾರಿ ಕೂಡುವಲ್ಲಿ ನಿಂತು ಕಣ್ಕಟ್ಟು ತೋರಿಸುವ ಜಾದೂಗಾರ ಅಥವಾ ಅವನ ಶಿಷ್ಯ. ಅಂದರೆ ಬೀದಿ ಜಾದೂಗಾರ. ಕಣ್ಣಿರುವವನು ಆ ಆಟವನ್ನು ಗಮನಿಸಿ ಪರೀಕ್ಷಿಸಿದರೆ ಒಳಗೆ ಸಾರವಿಲ್ಲವೆಂದು ಕಾಣುತ್ತಾನೆ, ವಿಜ್ಞಾನವೂ ಹಾಗೆಯೇ ಎಂಬುದು ಅಲ್ಲಿನ ಮಾತು. ಜಾದೂಗಾರನನ್ನು ಆ ಸುತ್ತದಲ್ಲಿ ಬೈದಿಲ್ಲ, ಹೊಗಳಿಯೂ ಇಲ್ಲ. ಅವನ ಆಟವನ್ನು ಕಲಿಕೆಗೆ ಬಳಸಿದ್ದಾರೆ.

*ನಾಲ್ಕು ಅಂಗಗಳು*

ಇಷ್ಟು ಹೇಳಿದರೆ ಸೋದರಿಯ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಶೀಲದ ಲೆಕ್ಕವೇ ಬೇರೆ. ಸುಳ್ಳು ಪೂರ್ತಿಯಾಗಲು ನಾಲ್ಕು ಅಂಗಗಳು ಕೂಡಬೇಕೆಂದು ಅಟ್ಠಕಥೆಗಳು ಹೇಳುತ್ತವೆ. ವಿಷಯ ನಿಜವಲ್ಲದ್ದಾಗಿರಬೇಕು. ವಂಚಿಸುವ ಮನಸ್ಸಿರಬೇಕು. ಅದಕ್ಕೆ ತಕ್ಕ ಪ್ರಯತ್ನವಿರಬೇಕು. ಎದುರಿನವರು ಆ ಅರ್ಥವನ್ನು ಗ್ರಹಿಸಬೇಕು. ಆ ಪ್ರಯತ್ನ ಮಾತಿನಿಂದಲೇ ಆಗಬೇಕೆಂದಿಲ್ಲ, ದೇಹದಿಂದಲೂ ಆಗಬಹುದು.

ನನ್ನ ಫ್ರೆಂಚ್ ಡ್ರಾಪನ್ನು ಇದರ ಪಕ್ಕ ಇಟ್ಟು ನೋಡಿ. ನಾಣ್ಯ ಬಲಗೈಯಲ್ಲಿಲ್ಲ, ಮೊದಲನೆಯದು ಆಯಿತು. ಇದೆ ಎಂದು ನಿಮಗೆ ಅನ್ನಿಸಲಿ ಎಂಬುದೇ ನನ್ನ ಇಚ್ಛೆ, ಎರಡನೆಯದು. ಕೈ ಅದಕ್ಕಾಗಿ ದುಡಿಯಿತು, ಮೂರನೆಯದು. ನಿಮಗೆ ಹಾಗೆಯೇ ಅನ್ನಿಸಿತು, ನಾಲ್ಕನೆಯದು. "ನಾನು ಬಾಯಿಬಿಟ್ಟು ಸುಳ್ಳು ಹೇಳಲಿಲ್ಲವಲ್ಲ" ಎನ್ನುವುದು ಇಲ್ಲಿ ವಕೀಲರ ವಾದ ಮಾತ್ರ.

ಇನ್ನೂ ಬಿಗಿಯಾದ ಮಾತು ಮಜ್ಝಿಮ ನಿಕಾಯದ ಅಂಬಲಟ್ಠಿಕ ರಾಹುಲೋವಾದ ಸುತ್ತದಲ್ಲಿದೆ. ತಮಾಷೆಗೂ ಸುಳ್ಳಾಡಬಾರದು ಎಂದು ಬುದ್ಧರು ರಾಹುಲನಿಗೆ ಕಲಿಸುತ್ತಾರೆ. "ಜನರನ್ನು ನಗಿಸುತ್ತೇನೆ, ಅದರಲ್ಲೇನು ತಪ್ಪು" ಎಂಬ ದಾರಿಯೂ ಮುಚ್ಚಿತು. ನಟರ ಮುಖಂಡ ತಾಲಪುಟ ಇದೇ ದಾರಿ ಹಿಡಿದು ಬಂದಿದ್ದ. ಜನರನ್ನು ನಗಿಸುವ ನಟರು ಸತ್ತ ಮೇಲೆ ನಗುವ ದೇವತೆಗಳ ಜೊತೆ ಹುಟ್ಟುತ್ತಾರಂತೆ, ಹೌದೇ ಎಂದು ಬುದ್ಧರನ್ನು ಕೇಳಿದ. ಅದನ್ನು ಕೇಳಬೇಡ ಎಂದು ಅವರು ತಡೆದರೂ ಬಿಡಲಿಲ್ಲ. ಕೊನೆಗೆ ಉತ್ತರ ಬಂದಾಗ ಅತ್ತುಬಿಟ್ಟ. ಅತ್ತದ್ದು ಆ ಕಟುವಾದ ಉತ್ತರಕ್ಕಲ್ಲ, ಹಿಂದಿನ ನಟರೂ ಗುರುಗಳೂ ಇಷ್ಟು ಕಾಲ ತನ್ನನ್ನು ನಂಬಿಸಿ ವಂಚಿಸಿದರಲ್ಲ ಎಂಬುದಕ್ಕೆ.

ಹಾಗಾದರೆ ಬಿಟ್ಟುಬಿಡಬೇಕೇ? ಬಿಡುವ ಮೊದಲು ಒಂದು ವ್ಯತ್ಯಾಸ ನೋಡಬೇಕು. ಸಭಾಂಗಣದ ಜಾದೂವಿನಲ್ಲಿ ಟಿಕೆಟ್ಟೇ ಒಪ್ಪಂದ. ಹೊರಗಿನ ಪೋಸ್ಟರ್ ನೋಡಿ, ದುಡ್ಡು ಕೊಟ್ಟು, "ನಮ್ಮ ಕಣ್ಣು ಕಟ್ಟಿ" ಎಂದು ಕೇಳಿಕೊಂಡೇ ಜನ ಒಳಗೆ ಬರುತ್ತಾರೆ. ನಾಟಕದಲ್ಲಿ ಸತ್ತ ಪಾತ್ರಧಾರಿ ಆಮೇಲೆ ಎದ್ದು ನಿಂತರೆ ಯಾರೂ ಮೋಸವಾಯಿತು ಎನ್ನುವುದಿಲ್ಲ. ಅಲ್ಲಿ ಎರಡನೆಯ ಅಂಗವೇ ಕೂಡುವುದಿಲ್ಲ ಎಂದು ನನ್ನ ತಿಳಿವಳಿಕೆ.

ಬೀದಿಯಲ್ಲಿ ಟಿಕೆಟ್ಟಿಲ್ಲ. ಹಾಲು ತರಲು ಹೊರಟವರು, ಬಸ್ಸಿಗೆ ಕಾಯುವವರು, ಶಾಲೆ ಮುಗಿಸಿದ ಮಕ್ಕಳು ತಾವಾಗಿ ನಿಲ್ಲುತ್ತಾರೆ. ಅವರಲ್ಲಿ ಯಾರು ಯಾವ ಭಾರ ಹೊತ್ತು ಬಂದಿದ್ದಾರೆ ಎಂದು ನನಗೆ ಗೊತ್ತಿರುವುದಿಲ್ಲ. ಒಪ್ಪಂದವನ್ನು ಪ್ರತಿಸಲವೂ ನಾನೇ ಮಾಡಿಕೊಳ್ಳಬೇಕು. ಅದಕ್ಕೇ ಆಟ ಶುರುಮಾಡುವಾಗ ಜೋರಾಗಿ ಹೇಳುತ್ತೇನೆ: "ನನಗೆ ಯಾವ ಶಕ್ತಿಯೂ ಇಲ್ಲ. ಇದು ಅಭ್ಯಾಸ. ನನ್ನ ಬಾಯಿ ನಂಬಿ, ಕೈ ನಂಬಬೇಡಿ." ಜನ ನಗುತ್ತಾರೆ.

*ಹೂವಿನಮ್ಮ*

ಇಷ್ಟು ಸಾಕೇ ಎಂದು ನನ್ನನ್ನು ಪರೀಕ್ಷೆ ಮಾಡಿದ್ದು ಹೂ ಮಾರುವ ಒಬ್ಬ ಅಮ್ಮ. ಗಾಂಧಿ ಬಜಾರಿನ ಹತ್ತಿರ ಸಂಜೆ ಆಟ ಮುಗಿದು ಜನ ಚದುರಿದ ಮೇಲೆ ಹತ್ತಿರ ಬಂದು, ಸೆರಗಿನ ಗಂಟು ಬಿಚ್ಚಿ, ನೂರರ ಎರಡು ನೋಟು ಹಿಡಿದರು. ಮೊಮ್ಮಗನಿಗೆ ಮೂರ್ಛೆ ಬರುತ್ತದಂತೆ. ಊರಿನ ಕಡೆ ಒಬ್ಬರು ಬರಿಗೈಯಿಂದ ನಾಣ್ಯ ತೆಗೆದು, ಅದನ್ನೇ ತಾಯತ ಮಾಡಿ ಕಟ್ಟಿ, ಎಂಟು ಸಾವಿರ ತೆಗೆದುಕೊಂಡಿದ್ದಾರೆ. ಇನ್ನೊಂದು ಸಲ ಬರಲು ಹೇಳಿದ್ದಾರೆ. "ನಿನ್ನ ಕೈಲೂ ಹಂಗೇ ಬಂತಲ್ಲಪ್ಪಾ. ಅವ್ರಿಗಿಂತ ಕಮ್ಮೀಲಿ ಮಾಡ್ಕೊಡು."

"ಅಮ್ಮ, ಇದು ಬರೀ ಕೈಚಳಕ. ಮೊದಲೇ ಹೇಳಿದೆನಲ್ಲ" ಎಂದೆ.

"ದೊಡ್ಡೋರೆಲ್ಲ ಹಂಗೇ ಹೇಳೋದು" ಎಂದರು.

ನನ್ನ ಒಪ್ಪಂದ ಅವರನ್ನು ಮುಟ್ಟಿರಲೇ ಇಲ್ಲ. ನಾನು ನಿಜ ಹೇಳಿದಷ್ಟೂ ಅವರ ನಂಬಿಕೆ ಗಟ್ಟಿಯಾಗುತ್ತಿತ್ತು. ಗುಟ್ಟು ಬಿಡಬಾರದು ಎಂಬುದು ಜಾದೂಗಾರರ ಕಟ್ಟಳೆ. ಆದರೆ ಆ ಕಟ್ಟಳೆ ಇರುವುದು ಬೆರಗನ್ನು ಕಾಪಾಡಲು, ಭಯವನ್ನು ಕಾಪಾಡಲು ಅಲ್ಲ. ಕಲ್ಲುಬೆಂಚಿನ ಮೇಲೆ ಕೂತು ನಾಣ್ಯವನ್ನು ಅವರ ಅಂಗೈಗೇ ಇಟ್ಟೆ. ಎಲ್ಲಿ ಒತ್ತಬೇಕು, ಬೆರಳು ಎಲ್ಲಿ ಸಡಿಲಿಸಬೇಕು ಎಂದು ತೋರಿಸಿದೆ. ಎರಡು ಸಲ ಬಿತ್ತು. ದಿನವಿಡೀ ಹೂ ಕಟ್ಟುವ ಬೆರಳುಗಳು, ಮೂರನೆಯ ಸಲಕ್ಕೆ ನಾಣ್ಯ ನಿಂತುಬಿಟ್ಟಿತು. ಕೈ ತಿರುಗಿಸಿ ನೋಡಿದರು. ಮತ್ತೆ ತಿರುಗಿಸಿದರು.

"ಅವ್ನೂ ಹಿಂಗೇನಾ?"

"ಅವರ ಕೈ ನಾನು ನೋಡಿಲ್ಲಮ್ಮ. ಆದರೆ ಹೀಗೂ ಮಾಡಬಹುದು."

ಅವರು ನಗಲಿಲ್ಲ, ಉಪಕಾರವಾಯಿತು ಎನ್ನಲೂ ಇಲ್ಲ. ನೋಟುಗಳನ್ನು ಮತ್ತೆ ಗಂಟು ಹಾಕಿಕೊಂಡು, "ಮಗಳು ದೊಡ್ಡಾಸ್ಪತ್ರೆ ದೊಡ್ಡಾಸ್ಪತ್ರೆ ಅಂತಾನೇ ಇದ್ಲು" ಎಂದು ತಮಗೆ ತಾವೇ ಹೇಳಿಕೊಂಡು ಹೊರಟರು. ಆಸ್ಪತ್ರೆಗೆ ಹೋದರೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ಭರವಸೆಯನ್ನು ಅವರ ಕೈಯಿಂದ ಕಸಿದೆನೇ ಎಂಬ ಪ್ರಶ್ನೆ ಇನ್ನೂ ಇದೆ. ಆದರೆ ಆ ಭರವಸೆಗೆ ಎಂಟು ಸಾವಿರ ಬೆಲೆ ಕಟ್ಟಿದ್ದು ಬೇರೆಯವರು. ಮೂರ್ಛೆಗೆ ಔಷಧವಿದೆ, ಕಾದಷ್ಟೂ ಮಗುವಿಗೆ ಅಪಾಯ.

*ಒಂದೇ ನಾಣ್ಯ, ಎರಡು ಕೈ*

ಯೋಚಿಸಿ ನೋಡಿ. ಅವರು ಹೇಳಿದ ಆ ಕೈಯಲ್ಲಿ ಇದ್ದದ್ದು ಇದೇ ಕೈಚಳಕವಾದರೆ, ಅಲ್ಲಿಯೂ ಅದೇ ಸ್ನಾಯು, ಅದೇ ನೋಟ, ಅಷ್ಟೇ ಅಭ್ಯಾಸ. ವ್ಯತ್ಯಾಸವಿರುವುದು ನೋಡಿದವರು ಮನೆಗೆ ಏನನ್ನು ಹೊತ್ತುಕೊಂಡು ಹೋಗಲಿ ಎಂದು ಆ ಕೈ ಬಯಸುತ್ತದೆ ಎಂಬುದರಲ್ಲಿ. ಆಟ ಮುಗಿದ ಮೇಲೂ ಕಣ್ಣು ಕಟ್ಟಿಯೇ ಇರಲಿ ಎಂದು ಬಯಸಿದರೆ ನಾಲ್ಕೂ ಅಂಗಗಳು ಕೂಡಿದವು. ಆಟದೊಂದಿಗೇ ಗಂಟು ಬಿಚ್ಚಲಿ, "ನನ್ನ ಕಣ್ಣನ್ನು ಇಷ್ಟು ಸುಲಭವಾಗಿ ಕಟ್ಟಬಹುದೇ!" ಎಂಬ ಎಚ್ಚರ ಉಳಿಯಲಿ ಎಂದು ಬಯಸಿದರೆ ಅದು ಸುಳ್ಳಿಗಿಂತ ಪಾಠಕ್ಕೆ ಹತ್ತಿರ. ಆದರೆ ಬಯಸಿದರೆ ಸಾಲದು, ಗಂಟು ನಿಜವಾಗಿ ಬಿಚ್ಚಿತೇ ಎಂದು ನಿಂತು ನೋಡುವ ಹೊಣೆಯೂ ಆಟ ಆಡಿದವನದೇ. ಹೂವಿನಮ್ಮನಿಂದ ನಾನು ಕಲಿತದ್ದು ಇದನ್ನು.

ವಿನಯದಲ್ಲಿ ಪಿಂಡೋಲ ಭಾರದ್ವಾಜರ ಕಥೆಯಿದೆ. ರಾಜಗೃಹದ ಶ್ರೇಷ್ಠಿಯೊಬ್ಬ ಗಂಧದ ಮರದ ಪಾತ್ರೆಯನ್ನು ಎತ್ತರಕ್ಕೆ ಕಟ್ಟಿಸಿ, ಸಿದ್ಧಿಯಿರುವವರು ತೆಗೆದುಕೊಳ್ಳಲಿ ಎಂದ. ಪಿಂಡೋಲರು ಆಕಾಶಕ್ಕೆ ಏರಿ ತೆಗೆದುಕೊಂಡರು. ಊರೇ ಹಿಂದೆ ಬಂತು. ಬುದ್ಧರು ಮೆಚ್ಚಲಿಲ್ಲ. ಒಂದು ಯಃಕಶ್ಚಿತ್ ಮರದ ಪಾತ್ರೆಗಾಗಿ ಗೃಹಸ್ಥರ ಮುಂದೆ ಸಿದ್ಧಿ ತೋರಿಸುವುದೆಂದರೆ, ಪುಡಿಗಾಸಿಗೆ ಮಾನವನ್ನು ಬಿಟ್ಟಂತೆ ಎಂದರು. ಅಂದಿನ ಆ ಪುಡಿಗಾಸಿನ ಹೆಸರು ಮಾಸಕ. ಹಾಗೆ ತೋರಿಸಬಾರದೆಂದು ನಿಯಮವಾಯಿತು. ಪಾತ್ರೆಯನ್ನು ಒಡೆದು, ಪುಡಿಮಾಡಿ, ಕಣ್ಣಿಗೆ ಹಚ್ಚುವ ಅಂಜನಕ್ಕೆ ಪರಿಮಳವಾಗಿ ಬೆರೆಸಲು ಕೊಟ್ಟರು. ನಿಜವಾದ ಸಿದ್ಧಿಯನ್ನೇ ತೋರಿಸಬೇಡಿ ಎಂದವರು, ಇಲ್ಲದ ಸಿದ್ಧಿಯನ್ನು ಇದೆ ಎನ್ನುವುದಕ್ಕೆ ಏನು ಹೇಳಿಯಾರು?

ನಮ್ಮ ಲೋಕದ ರೀತಿ ಇದಕ್ಕೆ ತಲೆಕೆಳಗು. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆ, ಹಾಡು, ಕುಣಿತ, ಪ್ರದರ್ಶನಗಳ ನೆಪದಲ್ಲಿ ಸಾರ್ವಜನಿಕ ಜಾಗದಲ್ಲಿ ದುಡ್ಡು ಕೇಳುವುದನ್ನೂ ಭಿಕ್ಷೆಯ ಲೆಕ್ಕಕ್ಕೆ ಸೇರಿಸಿತು. ಡುಗಡುಗಿ ಬಾರಿಸಿ, ನೆಲದ ಮೇಲೆ ಕೂತು, ಸುತ್ತಲೂ ಜನರನ್ನು ನಿಲ್ಲಿಸಿಕೊಂಡು ಬಟ್ಟಲು-ಚೆಂಡಿನ ಆಟ ಆಡುತ್ತಿದ್ದ ಮದಾರಿಗಳು ಇದರಿಂದ ಅಪರಾಧಿಗಳ ಸಾಲಿಗೆ ಬಂದರು. ದೆಹಲಿಗೂ ಅನ್ವಯವಾಗಿದ್ದ ಈ ಕಾಯ್ದೆಯಲ್ಲಿ ಭಿಕ್ಷೆಯನ್ನು ಅಪರಾಧವೆನ್ನುವ ಭಾಗಗಳನ್ನು ದೆಹಲಿ ಹೈಕೋರ್ಟ್ ರದ್ದುಮಾಡಿದ್ದು 2018ರಲ್ಲಿ. ಹೊಟ್ಟೆಪಾಡಿಗೆ ಆಟ ಆಡುವವರನ್ನು ಪೊಲೀಸರು ಎಬ್ಬಿಸುತ್ತಾರೆ, ಇದು ದೇವರ ಶಕ್ತಿ ಎಂದವರಿಗೆ ಪೀಠ ಸಿಗುತ್ತದೆ. ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸಲು ಸಮಿತಿ ರಚಿಸಿದ್ದನ್ನು ಹಿರಿಯರು ನೆನೆಯುತ್ತಾರೆ. ಪ್ರಶ್ನೆ ಕೇಳದೆ ಒಪ್ಪಬೇಡಿ ಎಂಬುದು ಆ ಮೇಷ್ಟರ ಜೀವನವಿಡೀ ನಡೆದ ಪಾಠ.

*ನಾನು ಇಟ್ಟುಕೊಂಡಿರುವ ಕಟ್ಟುಗಳು*

1. ಆಟಕ್ಕೆ ಮೊದಲೂ ಕೊನೆಗೂ "ಇದು ಕೈಚಳಕ" ಎಂದು ಹೇಳುವುದು.

2. ಆಟದ ನಡುವೆ ಬಾಯಿಂದ ಸುಳ್ಳು ವಾಕ್ಯ ಬರಕೂಡದು. "ನಾಣ್ಯ ಈ ಕೈಯಲ್ಲಿದೆ" ಎನ್ನುವುದಿಲ್ಲ, "ಈ ಕೈ ನೋಡಿ" ಎನ್ನುತ್ತೇನೆ. ಇದರಿಂದ ಶೀಲ ಪೂರ್ತಿ ಉಳಿಯಿತು ಎಂದಲ್ಲ. ನಾಲಿಗೆಗೆ ಅಭ್ಯಾಸ ಕೆಡದಿರಲಿ ಎಂದು.

3. ಯಾರಿಂದ ನಾಣ್ಯ ಪಡೆದರೂ ಅವರ ಕೈಗೇ ಹಿಂದಿರುಗಬೇಕು. ಬಾಜಿ ಕಟ್ಟುವುದಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಎಣಿಸುವಾಗ ಈ ವಿದ್ಯೆ ಕೈಗೆ ಬರಕೂಡದು. ಅಲ್ಲಿ ಅದು ಎರಡನೆಯ ಶೀಲದ ಮಾತಾಗುತ್ತದೆ.

4. ಭಯದಿಂದಲೋ ಆಸೆಯಿಂದಲೋ ಯಾರಾದರೂ ನನ್ನ ಬಳಿ ಬಂದರೆ ಆಟ ಅಲ್ಲಿಗೆ ನಿಲ್ಲುತ್ತದೆ. ಗುಟ್ಟು ಬಿಚ್ಚಿ ತೋರಿಸುತ್ತೇನೆ.

ತಮಾಷೆಗೂ ಸುಳ್ಳು ಬೇಡ ಎಂಬ ಮಾತಿನ ಮುಂದೆ ಈ ಕಟ್ಟುಗಳು ನಿಲ್ಲುತ್ತವೆಯೇ? ಖಚಿತವಾಗಿ ಹೇಳಲಾರೆ. ಆದರೆ ಅದೇ ರಾಹುಲೋವಾದ ಸುತ್ತದಲ್ಲಿ ಬುದ್ಧರು ಮುಂದೆ ಕೇಳುತ್ತಾರೆ: ಕನ್ನಡಿ ಇರುವುದು ಏತಕ್ಕೆ? ನೋಡಿಕೊಳ್ಳಲು ಎನ್ನುತ್ತಾನೆ ರಾಹುಲ. ಹಾಗೆಯೇ ಪ್ರತಿ ಕೆಲಸವನ್ನೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೊಳ್ಳಬೇಕು, ಅದರಿಂದ ತನಗಾಗಲಿ ಇತರರಿಗಾಗಲಿ ನೋವಾಗುತ್ತದೆಯೇ ಎಂದು. ನಾಣ್ಯ ಹಿಡಿದ ಪ್ರತಿಸಲ ನನಗೆ ಆ ಕನ್ನಡಿ ಬೇಕು, ಅದೂ ಕಣ್ಣು ಮಿಟುಕಿಸದೆ. ಆ ಕನ್ನಡಿಯಲ್ಲಿ ಒಂದು ದಿನ "ಇದರಿಂದ ನೋವಾಗುತ್ತಿದೆ" ಎಂದು ಕಂಡರೆ ಬಿಡಲು ಸಿದ್ಧನಿದ್ದೇನೆ.

*ಇಂದಿನ ಅಭ್ಯಾಸ*

ಒಂದು ನಾಣ್ಯವನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಹತ್ತು ನಿಮಿಷ ಮನೆಗೆಲಸ ಮಾಡಿ. ಗುಟ್ಟು ಹೊತ್ತ ಕೈ ಹೇಗೆ ಬಿಗಿಯುತ್ತದೆ, ಗಮನ ಹೇಗೆ ಮತ್ತೆ ಮತ್ತೆ ಅಲ್ಲಿಗೇ ಓಡುತ್ತದೆ, ಸುಮ್ಮನೆ ನೋಡಿ.

ನಂತರ ನಿಮ್ಮ ಮಾತನ್ನು ನೋಡಿ. ಸುಳ್ಳು ಹೇಳದೆಯೇ, ಎದುರಿನವರು ತಪ್ಪು ತಿಳಿದರೆ ತಿಳಿಯಲಿ ಎಂದು ಬಿಟ್ಟ ಜಾಗ ಇಂದು ಎಲ್ಲಾದರೂ ಇತ್ತೇ? ಮನೆಯಲ್ಲೇ ಕೂತು "ದಾರಿಯಲ್ಲಿದ್ದೇನೆ" ಎಂದದ್ದು ನೇರವಾದ ಸುಳ್ಳು, ಅದು ಸುಲಭವಾಗಿ ಕಾಣುತ್ತದೆ. ಬೇರೆಯವರ ಕೆಲಸಕ್ಕೆ ನಮಗೆ ಹೊಗಳಿಕೆ ಬಂದಾಗ ಸುಮ್ಮನೆ ನಕ್ಕದ್ದು ಅಷ್ಟು ಸುಲಭವಾಗಿ ಕಾಣುವುದಿಲ್ಲ, ಅದು ಅಂಗೈಯ ನಾಣ್ಯ.

ಕೊನೆಯದಾಗಿ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಇವತ್ತು ಬೇರೆ ಗುಂಪಿನಿಂದ ಬರುವ ಒಂದು ವಿಡಿಯೋವನ್ನಾದರೂ ಮುಂದಕ್ಕೆ ಕಳಿಸುವ ಮೊದಲು ಈ ಗಾದೆ ನೆನೆಯೋಣ.

ಅನಿಸಿಕೆಗಳನ್ನು ಸಂಜೆಯ ಒಳಗೆ ಬಳಗದಲ್ಲಿ ಹಂಚಿಕೊಳ್ಳಿ. ಒಪ್ಪದವರು ಖಂಡಿತ ಬರೆಯಿರಿ.

ಸಕಲ ಜೀವಿಗಳಿಗೂ ಮಂಗಳವಾಗಲಿ. 🙏
ಸಾಧು, ಸಾಧು, ಸಾಧು.